ಪಿಎ ಕೆಲಸಕ್ಕೆ ಸೇರೋದು ಹೇಗೆ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಹೇಳಿ

ಶಿರಾ ಗೇಟ್
ಬಿಕಾಂ ಆಗಿದೆ, ಕನ್ನಡ, ಇಂಗ್ಲಿಷ್ ಎರಡೂ ಭಾಷೆಯ ಟೈಪಿಂಗ್ ಬರುತ್ತೆ, ಎಕ್ಸೆಲ್ ಸಾಧಾರಣ. ಇಷ್ಟಿದ್ದರೆ ಪರ್ಸನಲ್ ಅಸಿಸ್ಟೆಂಟ್ ಕೆಲಸಕ್ಕೆ ತುಮಕೂರಿನಲ್ಲೇ ನೋಡಬಹುದಾ, ಬೆಂಗಳೂರಿಗೇ ಹೋಗಬೇಕಾ? ಶಾರ್ಟ್‌ಹ್ಯಾಂಡ್ ಇಲ್ಲದೆ ಆಗಲ್ಲ ಅಂತ ಒಬ್ಬರು, ಅದರ ಕಾಲ ಮುಗೀತು ಅಂತ ಇನ್ನೊಬ್ಬರು. ಸಂಬಳದ ಮಾತು ಹೇಗೆ ಆಡಬೇಕು? ಕೆಲಸ ಗೊತ್ತಿರೋರು ವಿವರವಾಗಿ ಹೇಳಿ. "ಶ್ರಮ ಪಟ್ಟರೆ ಎಲ್ಲ ಆಗುತ್ತೆ" ಅನ್ನೋ ಉತ್ತರ ದಯವಿಟ್ಟು ಬೇಡ.

ಜಾವಕ ಸಂಖ್ಯೆ
ಮೊದಲು ಯಾವ ಪಿಎ ಅಂತ ತೀರ್ಮಾನ ಮಾಡ್ಕೊಳ್ಳಿ. ಹೆಸರು ಒಂದೇ ಆದರೂ ಕೆಲಸ ನಾಲ್ಕು ಥರ ಇದೆ.

ಸರ್ಕಾರಿ ಕಚೇರಿ, ನ್ಯಾಯಾಲಯದ ಶೀಘ್ರಲಿಪಿಗಾರರದು (ಶಾರ್ಟ್‌ಹ್ಯಾಂಡ್ ಬರೆಯೋ ಸ್ಟೆನೋಗಳದು) ಒಂದು. ಅಲ್ಲಿಗೆ ಪರೀಕ್ಷೆ ಬಿಟ್ಟರೆ ಬೇರೆ ಬಾಗಿಲಿಲ್ಲ. ಕಾರ್ಖಾನೆಗಳ ಪ್ಲಾಂಟ್ ಹೆಡ್, ಎಂಡಿಗಳ ಪಿಎ ಇನ್ನೊಂದು. ವಸಂತನರಸಾಪುರ, ಅಂತರಸನಹಳ್ಳಿ, ಆ ಕಡೆ ನರಸಾಪುರ, ವೇಮಗಲ್, ಮಾಲೂರು, ಮೇಲೆ ಗೌರಿಬಿದನೂರು, ಇಲ್ಲೆಲ್ಲ ಇಂಗ್ಲಿಷ್ ಇಮೇಲ್ ಬರೆಯೋಕೆ ಬರಲೇಬೇಕು. ಶಾಸಕರು, ಸಚಿವರು, ಸಂಸದರ ಆಪ್ತ ಸಹಾಯಕರದು ಬೇರೆಯೇ ಲೋಕ. ಅವಧಿ ಮುಗಿದರೆ ಕೆಲಸವೂ ಮುಗಿಯಿತು ಅಂತ ತಿಳಿದೇ ಸೇರಬೇಕು.

ನಾಲ್ಕನೆಯದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ: ಶಿಕ್ಷಣ ಟ್ರಸ್ಟ್, ನರ್ಸಿಂಗ್ ಹೋಂ, ಕ್ರಷರ್, ಬಡಾವಣೆ ಮಾಡೋರು, ಅಡಿಕೆ ಮತ್ತು ಟೊಮೆಟೊ ಮಂಡಿ ಮಾಲೀಕರು. ಹೊಸಬರಿಗೆ ನಮ್ಮ ಮೂರು ಜಿಲ್ಲೆಯಲ್ಲಿ ನಿಜವಾದ ಬಾಗಿಲು ಇದೇ ಅನ್ನೋದು ನನ್ನ ಅಭಿಪ್ರಾಯ. ಇವರು ಯಾವ ಜಾಬ್ ಸೈಟಿನಲ್ಲೂ ಜಾಹೀರಾತು ಹಾಕಲ್ಲ. ತುಮಕೂರಿನ ಬಿಎಚ್ ರಸ್ತೆಯ ಆಡಿಟರ್ ಆಫೀಸುಗಳಲ್ಲಿ ವಿಚಾರಿಸಿ. ಯಾವ ಮಾಲೀಕರ ಕಾಗದಪತ್ರ ಚೀಲದಲ್ಲಿ ಬರುತ್ತೆ, ಯಾರಿಗೆ ಸಹಾಯಕರು ತುರ್ತಾಗಿ ಬೇಕು ಅನ್ನೋದು ಆಡಿಟರ್‌ಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿರಲ್ಲ.

ಲಘುಲಿಪಿ
ಶಾರ್ಟ್‌ಹ್ಯಾಂಡ್ ಪ್ರಶ್ನೆಗೆ ನೇರ ಉತ್ತರ: ಖಾಸಗಿ ಕೆಲಸಕ್ಕೆ ಬೇಡ, ಸರ್ಕಾರಿ ಕೆಲಸಕ್ಕೆ ಬೇಕೇ ಬೇಕು.

ಜಿಲ್ಲಾ ನ್ಯಾಯಾಲಯದ ಶೀಘ್ರಲಿಪಿಗಾರ ಹುದ್ದೆಗೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಶೀಘ್ರಲಿಪಿ, ಸೀನಿಯರ್ ಬೆರಳಚ್ಚು ಪಾಸಾಗಿರಬೇಕು, ಇಲ್ಲವೇ ತತ್ಸಮಾನ ಡಿಪ್ಲೊಮಾ ಇರಬೇಕು. ಒಂದೇ ಭಾಷೆ ಮುಗಿಸಿ ಕೂತವರು ಅರ್ಜಿ ಹಾಕೋ ದಿನ ಕೈ ಕೈ ಹಿಸುಕಿಕೊಳ್ತಾರೆ. ಹತ್ತನೇ ತರಗತಿ ಮುಗಿಸಿದವರಿಗೆ ಪಾಲಿಟೆಕ್ನಿಕ್‌ನ 3 ವರ್ಷದ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ, ಐಟಿಐನ 1 ವರ್ಷದ ಸ್ಟೆನೋಗ್ರಾಫರ್ ಟ್ರೇಡ್ ಇದೆ. ಡಿಗ್ರಿ ಆಗಿರೋರಿಗೆ ಪರೀಕ್ಷಾ ಮಂಡಳಿಯ ವಾಣಿಜ್ಯ ಪರೀಕ್ಷೆಗಳೇ (ಶೀಘ್ರಲಿಪಿ, ಬೆರಳಚ್ಚು) ಹತ್ತಿರದ ದಾರಿ.

ಕೇಂದ್ರ ಸರ್ಕಾರದ್ದು ಎಸ್‌ಎಸ್‌ಸಿ (ಸ್ಟಾಫ್ ಸೆಲೆಕ್ಷನ್ ಕಮಿಷನ್) ಸ್ಟೆನೋಗ್ರಾಫರ್ ಪರೀಕ್ಷೆ. ಪಿಯುಸಿ ಸಾಕು. ಉಕ್ತಲೇಖನ 10 ನಿಮಿಷ, ಡಿ ಗ್ರೇಡ್‌ಗೆ ನಿಮಿಷಕ್ಕೆ 80 ಪದ, ಸಿ ಗ್ರೇಡ್‌ಗೆ 100. ಭಾಷೆ ಇಂಗ್ಲಿಷ್ ಅಥವಾ ಹಿಂದಿ, ಕನ್ನಡ ಇಲ್ಲ. ಇಂಗ್ಲಿಷ್‌ನಲ್ಲಿ ಡಿ ಗ್ರೇಡ್‌ನವರಿಗೆ ಅದನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡೋಕೆ 50 ನಿಮಿಷ ಕೊಡ್ತಾರೆ. ಇಲ್ಲೊಂದು ಲೆಕ್ಕ ಹಾಕಿ ನೋಡಿ: 800 ಪದ, 50 ನಿಮಿಷ, ಅಂದರೆ ನಿಮಿಷಕ್ಕೆ 16 ಪದ. ಈ ವೇಗ ಯಾರಿಗೂ ಕಷ್ಟ ಅಲ್ಲ. ಫೇಲಾಗೋದು ತಾವೇ ಬರೆದ ಗೀಟು ತಮಗೇ ಓದೋಕೆ ಬಾರದೆ. ಆದ್ದರಿಂದ ದಿನಾ ಹೊಸ ಉಕ್ತಲೇಖನ ತಗೊಳ್ಳೋದರ ಜೊತೆಗೆ, ಎರಡು ದಿನದ ಹಿಂದಿನ ನೋಟ್‌ಬುಕ್ ತೆಗೆದು ಮೂಲ ನೋಡದೆ ಓದಿ. ಎಲ್ಲಿ ತಡವರಿಸ್ತೀರೋ ಆ ರೂಪವನ್ನ ಒಂದು ಪುಟ ತಿದ್ದಿ. 80ಕ್ಕೆ ಮುಟ್ಟೋದು ವರ್ಷದ ಮಾತು, ಮೂರು ತಿಂಗಳಲ್ಲಿ ಕಲಿಸ್ತೀವಿ ಅನ್ನೋ ಬೋರ್ಡ್ ನಂಬಬೇಡಿ.

ನರಸಾಪುರ ಶಿಫ್ಟ್
ಖಾಸಗಿ ಕಡೆ ಇಂಟರ್‌ವ್ಯೂನಲ್ಲಿ ಏನು ನೋಡ್ತಾರೆ ಅಂತ ಯಾರೂ ಬರೆದಿಲ್ಲ. ಬಾಯಲ್ಲಿ ನಾಲ್ಕು ಮಾತು ಹೇಳಿ ಪತ್ರ ಬರೆಯಿರಿ ಅಂತಾರೆ. ಒಂದೇ ಹೊತ್ತಿಗೆ ಎರಡು ಮೀಟಿಂಗ್ ಬಿದ್ದಿರೋ ದಿನದ ಪಟ್ಟಿ ಕೊಟ್ಟು ಸರಿ ಮಾಡಿ ಅಂತಾರೆ. ಮೀಟಿಂಗ್ ಜಾಣತನದಿಂದ ಜರುಗಿಸೋದು ಇಲ್ಲಿ ದೊಡ್ಡ ವಿಷಯ ಅಲ್ಲ. "ಈ ಎರಡರಲ್ಲಿ ಯಾವುದನ್ನ ಮುಂದಕ್ಕೆ ಹಾಕಬಹುದು ಅಂತ ಯಾರನ್ನ ಕೇಳಬೇಕು?" ಅಂತ ನೀವು ಕೇಳ್ತೀರಾ ಅನ್ನೋದೇ ಪರೀಕ್ಷೆ.

ಹೋಗುವಾಗ ಒಂದು ಫೋಲ್ಡರ್ ಒಯ್ಯಿರಿ: ಒಂದೇ ವಿಷಯದ ಪತ್ರ ಕನ್ನಡದಲ್ಲಿ ಮತ್ತು ಇಂಗ್ಲಿಷ್‌ನಲ್ಲಿ, ಎರಡು ದಿನದ ಪ್ರಯಾಣದ ವೇಳಾಪಟ್ಟಿ, ಒಂದು ಪುಟದ ಸಭಾ ನಡವಳಿ (ಮೀಟಿಂಗ್ ಮಿನಿಟ್ಸ್), ಒಂದು ಖರ್ಚಿನ ಶೀಟ್. ಎಲ್ಲ ಕಲ್ಪಿತ ಹೆಸರಿನಲ್ಲಿರಲಿ. ಹಳೇ ಕಚೇರಿಯ ನಿಜವಾದ ಕಾಗದ ಮಾದರಿ ಅಂತ ತೋರಿಸಿದರೆ ಅಲ್ಲಿಗೇ ಮುಗೀತು, ನಾಳೆ ನಮ್ಮದನ್ನೂ ಹೀಗೇ ತೋರಿಸ್ತಾರೆ ಅಂದ್ಕೊಳ್ತಾರೆ.

ಕ್ಯಾಲೆಂಡರ್ ವಿಷಯ. ಮೀಟಿಂಗ್ ಅಂದರೆ ಮೀಟಿಂಗಿನ ಗಂಟೆ ಮಾತ್ರ ಅಲ್ಲ, ಪ್ರಯಾಣವನ್ನೂ ಬೇರೆ ನಮೂದಾಗಿ ಹಾಕಿ ಆ ಸಮಯ ಮುಚ್ಚಬೇಕು. ಕೋಲಾರದಿಂದ ಬೆಂಗಳೂರು 70 ಕಿ.ಮೀ. ಹತ್ತಿರ ಅಂತ ನಕ್ಷೆ ನೋಡಿ ಒಂದೂವರೆ ಗಂಟೆ ಇಟ್ಟರೆ ಹೊಸಕೋಟೆ ದಾಟಿ ಕೆ.ಆರ್. ಪುರ, ಟಿನ್ ಫ್ಯಾಕ್ಟರಿಯಲ್ಲಿ ಮೀಟಿಂಗ್ ಹೊತ್ತು ಕಳೆದುಹೋಗುತ್ತೆ. ತುಮಕೂರಿನವರಿಗೆ ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ಅದೇ ಕಥೆ, ಚಿಕ್ಕಬಳ್ಳಾಪುರದವರಿಗೆ ಹೆಬ್ಬಾಳ. ಬೆಳಗ್ಗೆ 10ರ ಮೀಟಿಂಗಿಗೆ ಎರಡೂವರೆ ಗಂಟೆ ಮೊದಲು ಹೊರಡೋ ಹಾಗೆ ಇಡಿ. ಒಂದೇ ದಿನ ವೈಟ್‌ಫೀಲ್ಡ್‌ನಲ್ಲೊಂದು ಪೀಣ್ಯದಲ್ಲೊಂದು ಕೊಡಬೇಡಿ.

ಮತ್ತೆ ರಾಹುಕಾಲ. ನಗಬೇಡಿ. ಒಪ್ಪಂದಕ್ಕೆ ಸಹಿ, ಗಾಡಿ ಡೆಲಿವರಿ, ನಿವೇಶನ ನೋಂದಣಿ ಇವನ್ನ ಸೋಮವಾರ 7.30–9, ಶನಿವಾರ 9–10.30, ಶುಕ್ರವಾರ 10.30–12, ಬುಧವಾರ 12–1.30, ಗುರುವಾರ 1.30–3, ಮಂಗಳವಾರ 3–4.30ರ ಒಳಗೆ ಇಟ್ಟರೆ ನಮ್ಮ ಕಡೆ ಬಹಳ ಮಾಲೀಕರು ಹೊರಡೋದೇ ಇಲ್ಲ. ಸೇರಿದ ವಾರದಲ್ಲೇ ಕೇಳಿ ತಿಳ್ಕೊಂಡು ಕ್ಯಾಲೆಂಡರಿನಲ್ಲಿ ತಿಳಿ ಬಣ್ಣದಲ್ಲಿ ಹಾಕಿಡಿ.

ನಂದಿ ತಪ್ಪಲು
ಮೇಲಿನವರ ಮಾತಿಗೆ ಸೇರಿಸ್ತೀನಿ. ವಿಮಾನ ನಿಲ್ದಾಣಕ್ಕೆ ಕೋಲಾರ, ತುಮಕೂರು ಎರಡರಿಂದಲೂ ನಗರದ ಒಳಗೆ ಹೋಗೋ ಅಗತ್ಯ ಇಲ್ಲ. ಕೋಲಾರದಿಂದ ಹೊಸಕೋಟೆ–ದೇವನಹಳ್ಳಿ ರಸ್ತೆ, ತುಮಕೂರಿನಿಂದ ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆ. ಡ್ರೈವರ್‌ಗೆ ಬಾಯಲ್ಲಿ ಹೇಳಿದರೆ ಸಾಲದು, ದಾರಿ ಹೆಸರು ಮೆಸೇಜ್‌ನಲ್ಲಿ ಇರಲಿ. ಅಂತರರಾಷ್ಟ್ರೀಯ ವಿಮಾನಗಳು 2ನೇ ಟರ್ಮಿನಲ್. ದೇಶೀಯ ವಿಮಾನಗಳಿಗೆ ಕಂಪನಿ ನೋಡಿ 1 ಅಥವಾ 2, ಅದನ್ನ ಟಿಕೆಟಿನಿಂದಲೇ ಬರೆದುಕೊಳ್ಳಿ, ನೆನಪಿನಿಂದ ಬೇಡ.

ರೈಲು: ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನ. ತತ್ಕಾಲ್ ಎಸಿಗೆ ಬೆಳಗ್ಗೆ 10, ಸ್ಲೀಪರ್‌ಗೆ 11 ಗಂಟೆ. ಎಲ್ಲರೂ ಎಡವೋ ಜಾಗ: ತತ್ಕಾಲ್ ತೆರೆಯೋದು ರೈಲು ಮೂಲ ನಿಲ್ದಾಣ ಬಿಡೋ ದಿನಕ್ಕೆ ಒಂದು ದಿನ ಮೊದಲು. ಹಿಂದಿನ ರಾತ್ರಿ ದೂರದಿಂದ ಹೊರಟು ನಸುಕಿನಲ್ಲಿ ತುಮಕೂರಿಗೆ ಬರೋ ರೈಲಿಗೆ ನಮ್ಮ ದಿನಾಂಕದ ಲೆಕ್ಕ ಹಾಕಿದರೆ ಒಂದು ದಿನ ತಡ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಿಸಿದ ಖಾತೆ ಬೇಕು. ಈ ಕೆಲಸವನ್ನ ಸೇರಿದ ಕೂಡಲೇ ಮುಗಿಸಿಡಿ, 9.55ಕ್ಕೆ ಶುರು ಮಾಡಬೇಡಿ. ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ.

ಲೆಕ್ಕದ ಬುಕ್ಕು
ಟಿಕೆಟ್ ಮಾಡೋಕೆ ಯಾರಿಗಾದರೂ ಬರುತ್ತೆ. ಪಿಎ ಮಾಡಿದ್ದು ಅಂತ ಗೊತ್ತಾಗೋದು ಬಿಲ್ಲಿನಲ್ಲಿ. ವಿಮಾನ ಬುಕ್ ಮಾಡುವಾಗಲೇ ಕಂಪನಿಯ ಹೆಸರು, ಜಿಎಸ್‌ಟಿ ಸಂಖ್ಯೆ ತುಂಬಬೇಕು, ಆಮೇಲೆ ಸೇರಿಸೋಕೆ ಹೋದರೆ ಅಲೆದಾಟವೇ. ಇ-ಟಿಕೆಟ್ ತೆರಿಗೆ ಬಿಲ್ ಅಲ್ಲ, ವಿಮಾನ ಕಂಪನಿ ಬೇರೆ ಇನ್‌ವಾಯ್ಸ್ ಕೊಡುತ್ತೆ, ಅದನ್ನ ಇಳಿಸಿ ಅಕೌಂಟ್ಸ್‌ಗೆ ಕಳಿಸಿ. ಹೋಟೆಲ್‌ಗೂ ಹಾಗೇ, ಜಿಎಸ್‌ಟಿ ಸಂಖ್ಯೆ ಕೊಟ್ಟರೆ ಕ್ರೆಡಿಟ್ ಸಿಗುತ್ತೆ, ಅಂದರೆ ಬಿಲ್ಲಿನ ತೆರಿಗೆಯನ್ನ ಕಂಪನಿ ತಾನು ಕಟ್ಟೋ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು.

ಟಮಕ
ಹೋಟೆಲ್ ವಿಷಯ ಪೂರ್ತಿ ಸರಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500 ವರೆಗಿನ ಕೋಣೆಗೆ ತೆರಿಗೆ 5%, ಕ್ರೆಡಿಟ್ ಇಲ್ಲ. ಅದಕ್ಕಿಂತ ಮೇಲಿದ್ದರೆ 18%. ಇನ್ನೊಂದು: ಚೆನ್ನೈನಲ್ಲಿ ಉಳಿದರೆ ಹಾಕೋದು ತಮಿಳುನಾಡಿನ ತೆರಿಗೆ, ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರೋ ಕಂಪನಿಗೆ ಅದು ಕ್ರೆಡಿಟ್ ಆಗಲ್ಲ. ಬಿಲ್ಲು ಕಂಪನಿ ಹೆಸರಿನಲ್ಲಿ ಇರಲೇಬೇಕು, ಖರ್ಚು ತೋರಿಸೋಕೆ. ಆದರೆ ಕ್ರೆಡಿಟ್ ಸಿಗುತ್ತೆ ಅಂತ ಬಾಸ್‌ಗೆ ಮಾತು ಕೊಡಬೇಡಿ.

ಲೆಕ್ಕದ ಬುಕ್ಕು
ಸರಿ, ಒಪ್ಪಿದೆ. ಇನ್ನು ನಗದು. ಚಿಲ್ಲರೆ ಖರ್ಚಿಗೆ ಕೊಟ್ಟ ದುಡ್ಡನ್ನ ನಿಮ್ಮ ಸ್ವಂತ ಯುಪಿಐಗೆ ಹಾಕಿಸಿಕೊಳ್ಳಬೇಡಿ. ನಿಮ್ಮ ಮನೆ ಹಾಲಿನ ದುಡ್ಡೂ ಬಾಸ್‌ನ ಹೂವಿನ ಹಾರದ ದುಡ್ಡೂ ಒಂದೇ ಸ್ಟೇಟ್‌ಮೆಂಟಿನಲ್ಲಿ ಬೆರೆತರೆ ಬಿಡಿಸೋರು ಯಾರು? ಇಂತಿಷ್ಟು ಅಂತ ಮುಂಗಡ ತಗೊಂಡು, ಓಚರ್ ಬರೆದು, ಖರ್ಚಾದಷ್ಟೇ ಮತ್ತೆ ತುಂಬಿಸಿಕೊಳ್ಳಿ. ಕೈಯಲ್ಲಿರೋ ನಗದು ಮತ್ತು ಓಚರ್ ಕೂಡಿದರೆ ಯಾವಾಗಲೂ ಮುಂಗಡದ ಮೊತ್ತವೇ ಬರಬೇಕು. ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಒಪ್ಪಲ್ಲ, ಬ್ಯಾಂಕಿನಿಂದಲೇ ಕಳಿಸಿ. ₹5,000 ಮೀರಿದ ನಗದು ರಸೀದಿಗೆ ₹1ರ ರೆವಿನ್ಯೂ ಸ್ಟಾಂಪ್.

ಗುಬ್ಬಿ ಗೇಟ್
ಸಂಬಳದ ಬಗ್ಗೆ ಕೇಳಿದ್ದರಲ್ಲ. ಸಿಟಿಸಿ (ನಿಮಗಾಗಿ ಕಂಪನಿ ಮಾಡೋ ಒಟ್ಟು ಖರ್ಚು) ಎಷ್ಟು ಅಂತ ಕೇಳಬೇಡಿ, ಕೈಗೆ ಎಷ್ಟು ಅಂತ ಕೇಳಿ. ಉದಾಹರಣೆಗೆ ಗ್ರಾಸ್ (ಕಡಿತಕ್ಕೆ ಮೊದಲಿನ ಸಂಬಳ) ₹18,000, ಅದರಲ್ಲಿ ಬೇಸಿಕ್ (ಮೂಲ ವೇತನ) ₹12,000 ಅಂತಿಟ್ಟುಕೊಳ್ಳಿ. ನಿಮ್ಮ ಪಾಲಿನ ಪಿಎಫ್ 12%, ಅಂದರೆ ₹1,440. ಇಎಸ್‌ಐ 0.75%, ₹135. ಕೈಗೆ ₹16,425. ಮಾಲೀಕರ ಪಿಎಫ್ ₹1,440, ಇಎಸ್‌ಐ 3.25% ಅಂದರೆ ₹585, ಗ್ರಾಚ್ಯುಟಿ ಅಂತ ₹577 ಸೇರಿಸಿ ಸಿಟಿಸಿ ₹20,602 ಅಂತ ಬರೆದಿರ್ತಾರೆ. "ಇಪ್ಪತ್ತು ಸಾವಿರದ ಕೆಲಸ" ಅಂತ ಊರಲ್ಲಿ ಹೇಳಿ ಆಮೇಲೆ ಪೇಚಾಡೋದು ಇದಕ್ಕೇ. ಇಎಸ್‌ಐ ಇರೋದು ತಿಂಗಳಿಗೆ ₹21,000 ವರೆಗಿನ ಸಂಬಳಕ್ಕೆ. ವೃತ್ತಿ ತೆರಿಗೆ ₹200 ಶುರುವಾಗೋದು ₹25,000ದಿಂದ.

ಸಂಬಳಕ್ಕಿಂತ ಮುಖ್ಯವಾಗಿ ಬರಹದಲ್ಲಿ ತಗೋಬೇಕಾದ್ದು ಮೂರಿವೆ: ಕೆಲಸದ ಹೊತ್ತು ಮುಗಿದ ಮೇಲೆ ಎಷ್ಟರವರೆಗೆ ಫೋನ್ ತೆಗೀಬೇಕು, ಫೋನ್ ಮತ್ತು ಪೆಟ್ರೋಲ್ ಖರ್ಚು ಯಾರದ್ದು, ಮನೆ ಕೆಲಸ ಇದರಲ್ಲಿ ಸೇರಿದೆಯಾ. ನಾಲ್ಕನೇ ಥರದ ಕೆಲಸದಲ್ಲಿ ಕೊನೆಯದೇ ಜಗಳದ ಮೂಲ. ಮಕ್ಕಳ ಫೀಸು ಕಟ್ಟೋದು, ಗೃಹಪ್ರವೇಶದ ಅಡುಗೆಯವರನ್ನ ಗೊತ್ತು ಮಾಡೋದು ಪಿಎ ಕೆಲಸವೇ ಆಗಬಹುದು, ಅದರಲ್ಲಿ ಅವಮಾನ ಏನಿಲ್ಲ. ಆದರೆ ಸೇರೋ ಮೊದಲೇ ಮಾತಾಗಿರಬೇಕು.

ರೇಷ್ಮೆ ಗೂಡು
ಹುಡುಗಿಯರು ಸೇರಬಹುದಾ ಅನ್ನೋ ಪ್ರಶ್ನೆ ಮನೆಯಲ್ಲಿ ಬಂದೇ ಬರುತ್ತೆ. "ಪಿಎ ಬೇಕಾಗಿದ್ದಾರೆ, ಅನುಭವ ಬೇಡ, ಸಂಬಳ ಭಾರಿ" ಅನ್ನೋ ಜಾಹೀರಾತು ಎಷ್ಟೊಂದು ಬರುತ್ತೆ. ನಿಜವೋ ಸುಳ್ಳೋ ತಿಳಿಯೋದು ಹೇಗೆ?

ಜಾವಕ ಸಂಖ್ಯೆ
ಕಂಪನಿ ಹೆಸರನ್ನ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ, ಜಿಎಸ್‌ಟಿ ಸಂಖ್ಯೆಯನ್ನ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಅಲ್ಲಿರೋ ವಿಳಾಸವೂ ಇಂಟರ್‌ವ್ಯೂಗೆ ಕರೆದ ವಿಳಾಸವೂ ಹೊಂದಬೇಕು. ಲಾಡ್ಜ್ ಕೋಣೆಯಲ್ಲಿ, ಕಾರಿನಲ್ಲಿ, ಸಂಜೆ ಏಳರ ಮೇಲೆ ಇಂಟರ್‌ವ್ಯೂ ಅಂದರೆ ಹೋಗಬೇಡಿ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಸಮವಸ್ತ್ರದ ದುಡ್ಡು ಕೇಳಿದರೆ ಅದು ಕೆಲಸ ಅಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮೂಲ ಅಂಕಪಟ್ಟಿ ಯಾರಿಗೂ ಇಟ್ಟುಕೊಳ್ಳೋಕೆ ಕೊಡಬೇಡಿ.

2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಇರೋ ಕಚೇರಿಯಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಮಾಲೀಕರು, ಒಬ್ಬ ಅಕೌಂಟೆಂಟ್, ನೀವು, ಇಷ್ಟೇ ಜನ ಇರೋ ಕಚೇರಿಗೂ ಕಾನೂನು ಇದೆ ಅನ್ನೋದು ಗೊತ್ತಿರಲಿ.

ಕೀಲಿಮಣೆ
ಪಾಸ್‌ವರ್ಡ್ ವಿಷಯ ಯಾರೂ ಎತ್ತಿಲ್ಲ. ಬಾಸ್ ಮೊದಲ ದಿನವೇ ಇಮೇಲ್ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಡ್ತಾರೆ. ಬೇಡ ಅನ್ನಿ. ಜಿಮೇಲ್, ಔಟ್‌ಲುಕ್ ಎರಡರಲ್ಲೂ ಡೆಲಿಗೇಟ್ ಸೌಲಭ್ಯ ಇದೆ: ನಿಮ್ಮದೇ ಲಾಗಿನ್‌ನಿಂದ ಅವರ ಪತ್ರ ಓದಿ ಉತ್ತರಿಸಬಹುದು, ಅವರ ಪಾಸ್‌ವರ್ಡ್ ನಿಮಗೆ ಗೊತ್ತಿರೋ ಅಗತ್ಯ ಇಲ್ಲ. ಏನಾದರೂ ಎಡವಟ್ಟಾದರೆ ಯಾರು ಕಳಿಸಿದ್ದು ಅನ್ನೋದಕ್ಕೆ ದಾಖಲೆ ಉಳಿಯುತ್ತೆ. ಬ್ಯಾಂಕ್ ಓಟಿಪಿ ಅವರ ಫೋನಿಗೇ ಬರಲಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ನಿಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ಳೋಕೆ ಒಪ್ಪಬೇಡಿ. ಅದು ಕಾನೂನಿನ ಕಣ್ಣಲ್ಲಿ ಅವರ ಸಹಿ. ನಿಮ್ಮ ಕೈಯಿಂದ ಬಿದ್ದರೂ ಅವರದ್ದೇ ಜವಾಬ್ದಾರಿ, ಅನುಮಾನ ಮಾತ್ರ ನಿಮ್ಮ ಮೇಲೆ. ಸಹಿ ಮಾಡಿದ ಖಾಲಿ ಲೆಟರ್‌ಹೆಡ್‌ಗೂ ಇದೇ ಮಾತು, ಜನಪ್ರತಿನಿಧಿಗಳ ಹತ್ತಿರ ಇದ್ದರಂತೂ ಎರಡು ಪಟ್ಟು. ಪ್ರತಿ ಶಿಫಾರಸು ಪತ್ರಕ್ಕೂ ಜಾವಕ ಸಂಖ್ಯೆ (ಹೊರಹೋಗೋ ಪತ್ರದ ಕ್ರಮಸಂಖ್ಯೆ), ದಿನಾಂಕ, ಒಂದು ಕಚೇರಿ ಪ್ರತಿ. ನಾಳೆ ಯಾರೋ ನಕಲಿ ಪತ್ರ ತಂದರೆ ವಹಿ ತೆಗೆದು ತೋರಿಸೋಕೆ ಇದೊಂದೇ ಆಧಾರ.

ನರಸಾಪುರ ಶಿಫ್ಟ್
ಮೊದಲ ತಿಂಗಳು ಎರಡು ಪಟ್ಟಿ ಮಾಡಿ, ಉಳಿದದ್ದು ತಾನಾಗೇ ಕೂರುತ್ತೆ. ಒಂದು, ಮತ್ತೆ ಮತ್ತೆ ಫೋನ್ ಮಾಡೋ 20–25 ಜನರದು: ಯಾರ ಫೋನನ್ನ ತಕ್ಷಣ ಬಾಸ್‌ಗೆ ಕೊಡಬೇಕು, ಯಾರಿಗೆ ಸಂಜೆ ಅನ್ನಬೇಕು, ಯಾರಿಗೆ ಯಾವ ಹೊತ್ತಲ್ಲಿ ಮಾಡಲೇಬಾರದು. ಹರಾಜು ನಡೆಯೋವಾಗ ಮಂಡಿಯವರಿಗೆ ಹತ್ತು ಸಲ ಮಾಡಿದರೂ ಎತ್ತಲ್ಲ. ಇನ್ನೊಂದು, ಅವಧಿ ಮುಗಿಯೋ ಕಾಗದಗಳದು: ಗಾಡಿ ವಿಮೆ, ಹೊಗೆ ಪರೀಕ್ಷೆ, ಡಿಎಲ್, ಪಾಸ್‌ಪೋರ್ಟ್, ಬಾಡಿಗೆ ಕರಾರು, ಮುಂಗಡ ತೆರಿಗೆಯ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15. ಪಾಸ್‌ಪೋರ್ಟ್‌ಗೆ ಮುಕ್ತಾಯದ ದಿನ ಬರೆಯಬೇಡಿ, ಅದಕ್ಕೆ 6 ತಿಂಗಳು ಮೊದಲಿನ ದಿನ ಬರೆಯಿರಿ, ಬಹಳ ದೇಶಗಳು ಅಷ್ಟು ಬಾಕಿ ಇಲ್ಲದಿದ್ದರೆ ಒಳಗೆ ಬಿಡಲ್ಲ. ಎಲ್ಲಕ್ಕೂ ರಿಮೈಂಡರ್ 60, 30, 7 ದಿನ ಮೊದಲು.

ಎಕ್ಸೆಲ್‌ನಲ್ಲಿ ದಿನಾಂಕ ತುಂಬುವಾಗ ಕಂಪ್ಯೂಟರಿನ ರೀಜನ್ ಅಮೆರಿಕ ಅಂತಿದ್ದರೆ 05-08 ಅನ್ನೋದು ಮೇ 8 ಆಗಿಬಿಡುತ್ತೆ. 12ರ ಮೇಲಿನ ದಿನಾಂಕ ಎಡಕ್ಕೆ ಪಠ್ಯದ ಹಾಗೆ ಅಂಟಿಕೊಂಡಿದ್ದರೆ ಅದೇ ಸುಳಿವು. ಫೈಲ್ ಹೆಸರು 2026-01-19 ಅಂತ ವರ್ಷದಿಂದ ಶುರು ಮಾಡಿ, ತಾನಾಗೇ ಸಾಲಾಗಿ ನಿಲ್ಲುತ್ತೆ.

ಲಘುಲಿಪಿ
ಸಭಾ ನಡವಳಿ ಬಗ್ಗೆ ಒಂದು ಮಾತು. ಯಾರು ಏನು ಹೇಳಿದರು ಅಂತ ಎಲ್ಲ ಬರೆಯಬೇಡಿ. ಏನು ತೀರ್ಮಾನ, ಯಾರ ಹೊಣೆ, ಯಾವ ದಿನದೊಳಗೆ, ಇಷ್ಟು ಮೂರು ಕಾಲಂ. "ಶೀಘ್ರದಲ್ಲಿ ಕ್ರಮ ಕೈಗೊಳ್ಳಲಾಗುವುದು" ಅಂತ ಬರೆದ ಸಾಲು ಮುಂದಿನ ಸಭೆಯಲ್ಲೂ ಹಾಗೇ ಬಂದು ಕೂತಿರುತ್ತೆ. ಮರುದಿನದೊಳಗೆ ಕಳಿಸಿ. ಆದರೆ ಕಂಪನಿಯ ನಿರ್ದೇಶಕ ಮಂಡಳಿ ಸಭೆ ಬೇರೆ: 7 ದಿನದ ನೋಟಿಸ್, 15 ದಿನದಲ್ಲಿ ಕರಡು, 30 ದಿನದಲ್ಲಿ ನಡವಳಿ ಪುಸ್ತಕಕ್ಕೆ. ಅದನ್ನ ಕಂಪನಿ ಸೆಕ್ರೆಟರಿ ನೋಡದೆ ನೀವೇ ಹಂಚಬೇಡಿ.

ಶಿರಾ ಗೇಟ್
ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕೊನೆಗೊಂದು: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರ ವಾಟ್ಸಾಪ್‌ನಲ್ಲಿ ಕಳಿಸಿದರೆ ಅವರ ಫೋನಲ್ಲಿ ಇಂಗ್ಲಿಷ್ ಅಕ್ಷರದ ಗೋಜಲು ಕಾಣುತ್ತೆ. ಇಂಟರ್‌ವ್ಯೂನಲ್ಲಿ ಹೀಗಾದರೆ ಕಷ್ಟ.

ಕೀಲಿಮಣೆ
ನೀವು ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡ್ತಿದ್ದೀರಿ. ಅಲ್ಲಿ ಕನ್ನಡ ಇರೋದು ಫಾಂಟಿನ ಚಿತ್ರದಲ್ಲಿ ಮಾತ್ರ, ಒಳಗಿರೋದು ಇಂಗ್ಲಿಷ್ ಸಂಕೇತ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಗೋಜಲು ಕಾಣುತ್ತೆ. ಹೆಸರು ಹುಡುಕಿದರೆ ಸಿಗಲ್ಲ, ಎಕ್ಸೆಲ್‌ನಲ್ಲಿ ಅಕಾರಾದಿಯಾಗಿ ಜೋಡಿಸೋಕೂ ಆಗಲ್ಲ. ನುಡಿಯಲ್ಲೇ ಯೂನಿಕೋಡ್‌ಗೆ ಬದಲಾಯಿಸಿ, ಕೀಲಿ ಜಾಗ ಅದೇ ಇರುತ್ತೆ, ಬೆರಳು ಹೊಸದಾಗಿ ಕಲಿಯೋದೇನೂ ಇಲ್ಲ. ಬೇರೆ ಕಚೇರಿಯ ಯಂತ್ರದಲ್ಲಿ ನುಡಿ ಇಲ್ಲದಿದ್ದರೆ ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬರುತ್ತೆ, ಅದರ ವಿನ್ಯಾಸ ಪೂರ್ತಿ ಬೇರೆ: ಒತ್ತಕ್ಷರಕ್ಕೆ ನುಡಿಯಲ್ಲಿ ಎಫ್ ಒತ್ತಿದರೆ ಅಲ್ಲಿ ಡಿ.

ಹಳೇ ಕಡತಗಳನ್ನ ಪರಿವರ್ತಕದಲ್ಲಿ ಹಾಕಿದ ಮೇಲೆ ಅರ್ಕಾವತ್ತು ಇರೋ ಪದ, ಅಂಕಿ, ಮಧ್ಯೆ ಬಂದ ಇಂಗ್ಲಿಷ್ ಹೆಸರು, ಈ ಮೂರನ್ನ ಕಣ್ಣಲ್ಲೇ ನೋಡಿ. ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರದ ರಾಶಿಯಾಗಿ ಬದಲಾಗಿರ್ತವೆ, ಸರ್ವೆ ನಂಬರ್ ಪಕ್ಕದ ಓರೆಗೆರೆ ಹಾರಿಹೋಗಿರುತ್ತೆ. ಜಮೀನಿನ ಪತ್ರದಲ್ಲಿ 45/2 ಅನ್ನೋದು 452 ಆದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಇಂಟರ್‌ವ್ಯೂಗೆ ಪಿಡಿಎಫ್ ಮಾಡಿಯೇ ಕಳಿಸಿ, ಜೊತೆಗೆ ಎರಡು ಪ್ರತಿ ಪ್ರಿಂಟ್ ಇರಲಿ.